ನೋವು ಎಷ್ಟಿದೆ ಎಂದು ಕೇಳಿದರೆ ಅಪ್ಪ ಹೇಳುವುದೇ ಇಲ್ಲ, ನರ್ಸ್‌ಗೆ ಏನು ತಿಳಿಸಲಿ?

ಮಗಳು, ದಾವಣಗೆರೆ:
ಅಪ್ಪನಿಗೆ 68 ವರ್ಷ. ದವಡೆಯ ಕ್ಯಾನ್ಸರ್ ಶ್ವಾಸಕೋಶಕ್ಕೂ ಹರಡಿದೆ, ಇನ್ನು ಕೀಮೋ ಬೇಡವೆಂದು ವೈದ್ಯರು ಹೇಳಿದ್ದಾರೆ. ನೋವಿಗೆ ಮಾರ್ಫಿನ್ ಮಾತ್ರೆ ಕೊಡುತ್ತಿದ್ದೇವೆ. ಗುರುವಾರ ಪ್ಯಾಲಿಯೇಟಿವ್ ಕೇರ್ (ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆ) ನರ್ಸ್ ಮನೆಗೆ ಬಂದು ಏನೇನು ಬೇಕೆಂದು ನೋಡುತ್ತಾರಂತೆ. ಯಾರು ಕೇಳಿದರೂ ಅಪ್ಪನದು ಒಂದೇ ಮಾತು, "ಪರವಾಗಿಲ್ಲ". ರಾತ್ರಿಯೆಲ್ಲ ಗೋಡೆಗೆ ಒರಗಿ ಕುಳಿತಿರುತ್ತಾರೆ.

ನರ್ಸ್, ಹುಬ್ಬಳ್ಳಿ:
ತಂಗಿ, ನಾನು ಇದೇ ಕೆಲಸಕ್ಕೆ ಮನೆಮನೆಗೆ ಹೋಗುವವಳು. "ಹೇಗಿದ್ದೀರಿ" ಎಂದರೆ ಹಿರಿಯರು "ಪರವಾಗಿಲ್ಲ" ಎಂದೇ ಎನ್ನುತ್ತಾರೆ. ರಾತ್ರಿ ಯಾಕೆ ಎಚ್ಚರವಾಯಿತು, ಮಲಗಿದರೆ ಉಸಿರು ಕಟ್ಟುತ್ತದೆಯೇ ಎಂದು ಕೇಳಿ. ಒರಗಿ ಕೂರುವುದು ನೋವಿಗೋ ಉಸಿರಿಗೋ ಎಂಬುದು ಮೊದಲು ತಿಳಿಯಬೇಕು, ಎರಡಕ್ಕೂ ಉಪಚಾರ ಬೇರೆ.

ನಮ್ಮ ಕೈಯಲ್ಲಿ ಎಡ್ಮಂಟನ್ ಪಟ್ಟಿ ಇರುತ್ತದೆ. ಕೆನಡಾದಲ್ಲಿ 1991ರಲ್ಲಿ ಬಂದದ್ದು. ನೋವು, ಸುಸ್ತು, ವಾಕರಿಕೆ, ಮಂಪರು, ಹಸಿವು, ಉಸಿರಾಟ, ಬೇಸರ, ಆತಂಕ, ಒಟ್ಟಾರೆ ನೆಮ್ಮದಿ, ಪ್ರತಿಯೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ. ಅಂಕ ಒಗ್ಗದವರಿಗೆ ನಾನು "ರೂಪಾಯಿಗೆ ಎಷ್ಟಾಣೆ ನೋವು, ಯಜಮಾನರೇ?" ಎನ್ನುತ್ತೇನೆ. ತಕ್ಷಣ ಉತ್ತರ ಬರುತ್ತದೆ.

ನೀವು ಬರೆದಿಡಬೇಕಾದದ್ದು: ಮಾತ್ರೆ ಕೊಟ್ಟ ಹೊತ್ತು, ನೋವು ಮರಳಿದ ಹೊತ್ತು, ಮಲವಿಸರ್ಜನೆ ಆದ ದಿನ. ಮಾರ್ಫಿನ್ ಮಲ ಕಟ್ಟಿಸುತ್ತದೆ, ಇದನ್ನು ಹೇಳಲು ಮನೆಯವರು ನಾಚುತ್ತಾರೆ, ನಾಚಬೇಡಿ. ಬಾಯಿಯ ಗಾಯ ವಾಸನೆ ಬರುತ್ತಿದ್ದರೆ ಅದನ್ನೂ ಹೇಳಿ, ಅದಕ್ಕೂ ಔಷಧಿಯಿದೆ. ವಾಸನೆಗೆ ನಾಚಿ ಮೊಮ್ಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳದ ಅಜ್ಜಂದಿರನ್ನು ನಾನು ಬಹಳ ಕಂಡಿದ್ದೇನೆ. ಆ ಸಂಕಟ ಪಟ್ಟಿಯ ಯಾವ ಅಂಕಕ್ಕೂ ಸಿಗುವುದಿಲ್ಲ.

ಗುರುವಾರ ಸ್ವಲ್ಪ ಹೊತ್ತು ನೀವೆಲ್ಲ ಹೊರಗಿರಿ. ಸಾಲ, ಜಮೀನಿನ ಪತ್ರ, ಸಾವಿನ ಭಯ, ಇವನ್ನೆಲ್ಲ ಮಕ್ಕಳೆದುರು ಅಪ್ಪಂದಿರು ಬಾಯಿ ಬಿಡುವುದಿಲ್ಲ.

ಶಿರಸಿಯ ಓದುಗ:
ನನ್ನ ಹೆಂಡತಿಯನ್ನು ನೋಡಲು ಬಂದ ನರ್ಸ್ ನನ್ನನ್ನೂ ವಿಚಾರಿಸಿದರು. ನಿದ್ದೆ ಎಷ್ಟು, ಅವರನ್ನು ಎತ್ತಿ ಕೂರಿಸಲು ಜೊತೆಗೆ ಯಾರಿದ್ದಾರೆ ಎಂದು. ನಿಮ್ಮನ್ನು ಕೇಳಿದರೆ "ಎಲ್ಲ ನಡೆಯುತ್ತಿದೆ" ಎನ್ನಬೇಡಿ, ಇದ್ದದ್ದನ್ನು ಹೇಳಿ. ಒಮ್ಮೆ ನೋಡಿ ಹೋದರೆ ಸಾಲದು, ವಾರದೊಳಗೆ ಸ್ಥಿತಿ ಬದಲಾಗುತ್ತದೆ, ಮತ್ತೆ ಯಾವಾಗ ಬರುತ್ತಾರೆಂದು ಕೇಳಿಕೊಳ್ಳಿ. ಮನೆಯಲ್ಲಿ ನಿಭಾಯಿಸಲು ಆಗದೇ ಹೋದರೆ ಬೆಂಗಳೂರಿನ ಕರುಣಾಶ್ರಯದಲ್ಲಿ ಇಂಥವರಿಗೆ ಉಚಿತ ಆರೈಕೆ ಇದೆ.

ಮಗಳು, ದಾವಣಗೆರೆ:
ಅಕ್ಕಾ, ಆಣೆ ಲೆಕ್ಕದಲ್ಲೇ ಕೇಳಿದೆ. "ಹಗಲು ಆರಾಣೆ, ರಾತ್ರಿ ಹದಿನಾಲ್ಕು" ಎಂದರು. ಮಲಗಿದರೆ ಉಸಿರಿಗೆ ತೊಂದರೆಯಿಲ್ಲವಂತೆ, ಕಿವಿಯವರೆಗೆ ಸೆಳೆಯುತ್ತದಂತೆ. ಗುರುವಾರದವರೆಗೆ ಕಾಯಲೇ?

ನರ್ಸ್, ಹುಬ್ಬಳ್ಳಿ:
ಕಾಯಬೇಡಿ. ಈಗಲೇ ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ, ಇದೇ ಮಾತನ್ನು ಹೇಳಿ. ರಾತ್ರಿಯ ಪ್ರಮಾಣವನ್ನು ಅವರು ಸರಿಪಡಿಸುತ್ತಾರೆ, ನೀವಾಗಿ ಹೆಚ್ಚಿಸಬೇಡಿ.