ಅವಗ್ರಹ ಟೈಪ್ ಮಾಡೋದು ಹೇಗೆ?

ಹಾಸನದ ಮೇಷ್ಟ್ರು:
ತಾತನ ಸ್ತೋತ್ರದ ಪುಸ್ತಕವನ್ನು ಕಂಪ್ಯೂಟರಿಗೆ ಹಾಕುತ್ತಿದ್ದೇನೆ. ಭಾಷೆ ಸಂಸ್ಕೃತ, ಲಿಪಿ ಕನ್ನಡ. ಅರ್ಧ ಭಾಗ ಇಲ್ಲಿನ ಡಿಟಿಪಿ ಅಂಗಡಿಯಲ್ಲಿ ಮೊದಲೇ ಆಗಿತ್ತು. "ಸೋಽಹಂ" ಇರುವ ಕಡೆಯೆಲ್ಲ ಅವಗ್ರಹದ (ಸಂಧಿಯಲ್ಲಿ ಬಿಟ್ಟುಹೋದ ಅಕಾರ ತೋರಿಸುವ ಽ ಗುರುತು) ಬದಲು ಇಂಗ್ಲಿಷ್ ಎಸ್ ಒತ್ತಿಬಿಟ್ಟಿದ್ದಾರೆ! ನೋಡೋಕೇನೋ ಪರವಾಗಿಲ್ಲ, ಹುಡುಕಿದರೆ ಸಿಗಲ್ಲ. ಫಾಂಟ್ ಬದಲಿಸಿದರೆ ಪುಟವೇ ಕಲಸುಮೇಲೋಗರ.

ಮಲೆನಾಡಿಗ, ಚಿಕ್ಕಮಗಳೂರು:
ಮೇಷ್ಟ್ರೇ, ಅದು ಯೂನಿಕೋಡ್‌ಗೂ (ಎಲ್ಲ ಲಿಪಿಯ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಪದ್ಧತಿ) ಮುಂಚಿನ ಫಾಂಟ್ ಇರಬೇಕು. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ತಿದ್ದಿ. ಈಗಲೇ ತಿದ್ದಿದರೆ ಸುಮ್ನೆ ಎರಡು ಸಲ ಕೆಲಸ.
ಅವಗ್ರಹಕ್ಕೆ ವರ್ಡ್‌ನಲ್ಲಿ ಹೀಗೆ ಮಾಡಿ. ಕೀಬೋರ್ಡ್ ಇಂಗ್ಲಿಷಿಗೆ ಹಾಕಿ, ಸೊನ್ನೆ, ಸಿ, ಬಿ, ಡಿ ಒತ್ತಿ. ಕರ್ಸರ್ ಅಲ್ಲೇ ಇರಲಿ. ಆಲ್ಟ್ ಹಿಡಿದು ಎಕ್ಸ್ ಒತ್ತಿದರೆ ನಾಲ್ಕೂ ಹೋಗಿ ಽ ಬಂದು ಕೂರುತ್ತೆ. ಒಂದು ಸಲ ಬಂದಮೇಲೆ ಕಾಪಿ ಮಾಡ್ಕೊಳ್ಳಿ ಸಾಕು.
ಒತ್ತಕ್ಷರ ಜಾಸ್ತಿ ಇದ್ದರೆ ಇನ್‌ಸ್ಕ್ರಿಪ್ಟ್ ಕೀಬೋರ್ಡ್ ವಿನ್ಯಾಸ ಕಲಿಯಿರಿ. ಡಿ ಕೀ ಹಲಂತ, ಅದೇ ಒತ್ತು ಕೊಡುತ್ತೆ. ದೇವನಾಗರಿಗೂ ಅದೇ ಜಾಗ. ಮೊದಮೊದಲು ಬೆರಳು ತಡವರಿಸುತ್ತೆ, ಬಿಡಬೇಡಿ.

ಬೇಲೂರು ಅಕ್ಕ:
ಮುಂದೆ ದೇವನಾಗರಿಗೆ ಬದಲಿಸೋದಿದ್ದರೆ ಇನ್ನೊಂದು ನೋಡ್ಕೊಳ್ಳಿ. ಸಂಸ್ಕೃತದಲ್ಲಿ ಹ್ರಸ್ವ ಎ, ಒ ಇಲ್ಲ. "ದೇವ" ಅನ್ನೋದು "ದೆವ" ಆಗಿದ್ದರೆ ಅಕ್ಷರಮುಖದಂಥ ಲಿಪಿ ಬದಲಿಸುವ ಸಾಧನ ಅದನ್ನು ಹಾಗೇ ಒಯ್ಯುತ್ತೆ, ತಿದ್ದೋದಿಲ್ಲ. ದೀರ್ಘ ಬಿಟ್ಟುಹೋಗಿದೆಯಾ ಅಂತ ಮೊದಲೇ ಹುಡುಕಿ.

ಹಾಸನದ ಮೇಷ್ಟ್ರು:
ಆಲ್ಟ್ ಎಕ್ಸ್ ಕೆಲಸ ಮಾಡ್ತು! ಅಂಗಡಿಯ ಫೈಲನ್ನು ಇವತ್ತೇ ಯೂನಿಕೋಡ್ ಮಾಡ್ತೀನಿ.