ಪದಚರ್ಚೆ: ಕಂಪ್ಯಾಟಿಬಲ್ – ‘ಹೊಂದಾಣಿಕೆ’ ಸಾಕಾ, ‘ಒಗ್ಗು’ ಬಳಸಬಹುದಾ?

ಎಲ್ರಿಗೂ ನಮಸ್ಕಾರ,

ಎಲಾಸ್ಟಿಕ್‌ಸರ್ಚ್ (ಡೇಟಾ ಹುಡುಕಿಕೊಡೋ ಸಾಫ್ಟ್‌ವೇರ್) ಸರ್ವರನ್ನ ವರ್ಷನ್ 7ರಿಂದ 8ಕ್ಕೆ ಅಪ್‌ಗ್ರೇಡ್ ಮಾಡಿದ ಮೇಲೆ ಅದರ ಜೊತೆ ಮಾತಾಡೋ ಪೈಥಾನ್ ಲೈಬ್ರರಿ ಕೊಡೋ ಎರರ್‌ಗಳನ್ನ ಸರಿಮಾಡೋದು ಹೇಗೆ ಅಂತ ನಮ್ಮ ಟೀಮಿಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಬರೀತಿದೀನಿ. ಕಂಪ್ಯಾಟಿಬಲ್ ಅನ್ನೋ ಪದ ಅದ್ರಲ್ಲಿ ಹೆಜ್ಜೆಹೆಜ್ಜೆಗೂ ಬರತ್ತೆ. ಎಲ್ಲರೂ ಬರೆಯೋದು ‘ಹೊಂದಾಣಿಕೆ’. ರಾಜಕಾರಣದವರು ಆ ಪದಾನ ಒಳಒಪ್ಪಂದ ಅನ್ನೋ ಅರ್ಥದಲ್ಲಿ ಬಳಸಿ ಬಳಸಿ ಕೆಡಿಸಿದಾರೆ ಅನ್ನೋದು ಬೇರೆ ಮಾತು, ನನ್ನ ತಕರಾರು ಅದಲ್ಲ. ಹೊಂದಾಣಿಕೆ ಅಂದ್ರೆ ಎರಡೂ ಕಡೆಯದ್ದು, ಹುಡುಗನ ಜಾತಕ ಹುಡುಗಿದಕ್ಕೆ ಹೊಂದಿದ್ರೆ ಹುಡುಗಿದೂ ಹುಡುಗನದಕ್ಕೆ ಹೊಂದಿದ ಹಾಗೇ ಲೆಕ್ಕ. ಇಲ್ಲಿ ಹಾಗಿಲ್ಲ.

ಉದಾಹರಣೆಗೆ, ವರ್ಷನ್ ನಂಬರ್ ಹಾಕದೇ ಪಿಪ್ ಇನ್‌ಸ್ಟಾಲ್ (ಪೈಥಾನ್ ಲೈಬ್ರರಿ ಹಾಕೋ ಕಮ್ಯಾಂಡ್) ಕೊಟ್ರೆ ಈಗ 9ರ ಲೈಬ್ರರಿ ಬಂದು ಕೂರತ್ತೆ, ಅದು ಪ್ರತಿ ರಿಕ್ವೆಸ್ಟಿನ ಹೆಡರಲ್ಲೂ ‘ನನಗೆ 9ರ ರೀತಿಯಲ್ಲೇ ಉತ್ತರ ಬೇಕು’ ಅಂತ ಬರೆದು ಕಳಿಸತ್ತೆ, 8ರ ಸರ್ವರು ‘8 ಅಥವಾ 7 ಇರಬೇಕಿತ್ತು, ಸಿಕ್ಕಿದ್ದು 9’ ಅಂತ 400 ಎರರ್ ಕೊಟ್ಟು ವಾಪಸ್ ಕಳಿಸತ್ತೆ. ಬೇಕಾದ ಲೈಬ್ರರಿಗಳ ಪಟ್ಟಿ ಇರೋ ರಿಕ್ವೈರ್‌ಮೆಂಟ್ಸ್ ಫೈಲಲ್ಲಿ 8 ಅಥವಾ ಅದಕ್ಕಿಂತ ಮೇಲೆ, 9ಕ್ಕಿಂತ ಕೆಳಗೆ ಅಂತ ಕಟ್ಟಿಹಾಕಿದ್ರೆ ಮುಗೀತು. ಆದ್ರೆ ಹಳೇ 7.17ರ ಲೈಬ್ರರಿಗೆ ಒಂದು ಎನ್ವಿರಾನ್‌ಮೆಂಟ್ ವೇರಿಯೆಬಲ್ (ಪ್ರೋಗ್ರಾಮಿಗೆ ಹೊರಗಿಂದ ಕೊಡೋ ಸೆಟ್ಟಿಂಗ್) ಅನ್ನ 1 ಅಂತ ಇಟ್ರೆ ಅದೇ 8ರ ಸರ್ವರು ಅದರ ಜೊತೆ 7ರ ಶೈಲಿಯಲ್ಲೇ ಮಾತಾಡತ್ತೆ, ಇದಕ್ಕೇ ಕಂಪ್ಯಾಟಿಬಿಲಿಟಿ ಮೋಡ್ ಅನ್ನೋದು. ಅಂದ್ರೆ ಸರ್ವರಿಗೆ ಹಿಂದಿನದು ಒಂದು ಮೆಟ್ಟಿಲು ಗೊತ್ತು, ಮುಂದಿನದು ಗೊತ್ತಿಲ್ಲ. ‘ಇವೆರಡರ ನಡುವೆ ಹೊಂದಾಣಿಕೆ ಇಲ್ಲ’ ಅಂತ ಬರೆದ್ರೆ ಓದಿದವನಿಗೆ ಯಾವುದನ್ನ ಇಳಿಸಬೇಕು, ಯಾವುದನ್ನ ಏರಿಸಬೇಕು ಅಂತ ಹೇಗೆ ತಿಳೀಬೇಕು?

ಅದಕ್ಕೇ ‘ಒಗ್ಗು’ ಹೊಳೀತು. ಈ ಊರಿನ ನೀರು ನನಗೆ ಒಗ್ಗಲ್ಲ, ಆ ಮಾತ್ರೆ ಅಮ್ಮಂಗೆ ಒಗ್ಗಲ್ಲ ಅಂತೀವಲ್ಲ, ಯಾರಿಗೆ ಯಾವುದು ಅನ್ನೋದು ಅಲ್ಲೇ ಸ್ಪಷ್ಟ. ‘8ರ ಸರ್ವರಿಗೆ 9ರ ಲೈಬ್ರರಿ ಒಗ್ಗಲ್ಲ’. ಇನ್ನೂ ಚೆಂದ ಅಂದ್ರೆ, ಕಂಪ್ಯಾಟಿಬಿಲಿಟಿ ಮೋಡಲ್ಲಿ ತನ್ನ ಮಾತು ಬದಲಿಸಿಕೊಳ್ಳೋದು ಸರ್ವರು, ಅದಕ್ಕೆ ‘8ರ ಸರ್ವರು 7ರ ಲೈಬ್ರರಿಗೆ ಒಗ್ಗಿಕೊಳ್ಳತ್ತೆ’ ಅನ್ನಬಹುದು. ಒಗ್ಗೋದು ಬೇರೆ, ಒಗ್ಗಿಕೊಳ್ಳೋದು ಬೇರೆ, ಎರಡೂ ನಮಗೆ ಬೇಕು.

ತೊಡಕಿರೋದು ನಾಮಪದದಲ್ಲಿ. ‘ಒಗ್ಗುವಿಕೆ’ ಪಠ್ಯಪುಸ್ತಕದ ಹಾಗೆ ಕೇಳತ್ತೆ, ‘ಒಗ್ಗಿಕೆ’ ಅಂದ್ರೆ ಪಕ್ಕದ ಸೀಟಿನವರು ಒಗ್ಗರಣೆ ಯಾವಾಗ ಅಂತ ಕೇಳ್ತಾರೆ. ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿಗೆ (ಹಳೇ ವರ್ಷನ್ ಜೊತೆ ನಡೆಯೋದಕ್ಕೆ) ‘ಹಿಮ್ಮುಖ ಹೊಂದಾಣಿಕೆ’ ಅಂತೂ ಬೇಡವೇ ಬೇಡ. ಹೆಡಿಂಗಿಗೆ ನಾಮಪದ ಇಲ್ಲದೇ ‘ಯಾವುದಕ್ಕೆ ಯಾವುದು ಒಗ್ಗತ್ತೆ’ ಅಂತಲೇ ಹಾಕಿಬಿಡೋಣ ಅನ್ಸತ್ತೆ.

ಎರಡು ಪ್ರಶ್ನೆ. ಜೀವ ಇಲ್ಲದ ವಸ್ತು ಇನ್ನೊಂದು ವಸ್ತುವಿಗೆ ‘ಒಗ್ಗತ್ತೆ’ ಅನ್ನೋ ಬಳಕೆ ನಿಮ್ಮ ಕಡೆ ಇದೆಯಾ, ಈ ನಟ್ಟಿಗೆ ಆ ಬೋಲ್ಟು ಒಗ್ಗಲ್ಲ ಅನ್ನೋ ಥರ? ಧಾರವಾಡ, ಕಲಬುರಗಿ ಕಡೆಯವರು ಇದಕ್ಕೆ ಬೇರೆ ಏನಾದ್ರೂ ಅಂತೀರಾ?