ಪದಚರ್ಚೆ: ಕಿವಿ ಪರೀಕ್ಷೆಯಲ್ಲಿ ‘ಸಣ್ಣ ಶಬ್ದ’ ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಅಮ್ಮನನ್ನು ಕಿವಿ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. ಹೊರಗಿನ ಸದ್ದು ಬಾರದ ಪುಟ್ಟ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. “ಎಷ್ಟೇ ಸಣ್ಣ ಶಬ್ದ ಬಂದರೂ ಒತ್ತಿ ಅಮ್ಮಾ” ಅಂದರು. ಅಮ್ಮ ಕೀಂ ಅನ್ನುವ ಶಬ್ದಗಳಿಗೆ ಒತ್ತಿದರು. ಭುಂ ಅನ್ನುವವು ಬಂದಾಗ ಸುಮ್ನೆ ಕೂತರು. ಆಮೇಲೆ ಕೇಳಿದರೆ, “ಅದು ದಪ್ಪ ಶಬ್ದ ಅಲ್ವಾ? ನೀವು ಸಣ್ಣದಕ್ಕೆ ಒತ್ತಿ ಅಂದ್ರಿ” ಎಂಬ ಉತ್ತರ. ಪರೀಕ್ಷೆ ಮತ್ತೆ ಮೊದಲಿಂದ ಶುರುವಾಯಿತು.

ಅಮ್ಮನ ತಪ್ಪೇನೂ ಇಲ್ಲ. ‘ಅವಳದು ಸಣ್ಣ ದನಿ’ ಅಂದರೆ ಕೀರಲು. ‘ರೇಡಿಯೊ ಸಣ್ಣಗೆ ಇಡು’ ಅಂದರೆ ಜೋರು ಬೇಡ. ಕುಕ್ಕರ್ ಸೀಟಿ ಮೊದಲ ಅರ್ಥದಲ್ಲಿ ಸಣ್ಣ, ಎರಡನೆಯದರಲ್ಲಿ ಖಂಡಿತ ಅಲ್ಲ. ದೂರದಲ್ಲಿ ಗುರ್ ಅನ್ನುವ ಲಾರಿ ಇದಕ್ಕೆ ಉಲ್ಟಾ. ‘ಎತ್ತರದ ದನಿ’ಯದೂ ಇದೇ ಪಾಡು.

ಈ ಪರೀಕ್ಷೆ ನಿಂತಿರುವುದೇ ದನಿ ಎಷ್ಟು ಕೀರಲು (ಹರ್ಟ್ಸ್), ಎಷ್ಟು ಜೋರು (ಡೆಸಿಬೆಲ್) ಎಂಬ ಎರಡನ್ನೂ ಬೇರೆ ಬೇರೆ ಅಳೆಯುವುದರ ಮೇಲೆ. 250 ಹರ್ಟ್ಸ್‌ನ ದಪ್ಪ ದನಿಯಿಂದ 8000 ಹರ್ಟ್ಸ್‌ನ ಕೀರಲಿನವರೆಗೆ ಒಂದೊಂದನ್ನೇ ಕೇಳಿಸುತ್ತಾರೆ. ಸಾಮಾನ್ಯವಾಗಿ ಚೆನ್ನಾಗಿ ಕೇಳಿಸುವ ಕಿವಿ ಮೊದಲು, 1000ದಿಂದ ಶುರು. ಗುಂಡಿ ಒತ್ತಿದರೆ 10 ಡೆಸಿಬೆಲ್ ಇಳಿಸುತ್ತಾರೆ, ಒತ್ತದಿದ್ದರೆ 5 ಏರಿಸುತ್ತಾರೆ. ಹೀಗೆ ಏರಿಸುತ್ತ ಬಂದಾಗ, ಅರ್ಧದಷ್ಟು ಸಲವಾದರೂ ಕೇಳಿಸಿದ ಅತಿ ಕಡಿಮೆ ಮಟ್ಟವೇ ಆ ದನಿಗೆ ಆ ಕಿವಿಯ ‘ಥ್ರೆಶೋಲ್ಡ್’. ಫಲಿತಾಂಶದ ಚೀಟಿಯಲ್ಲಿ ಹರ್ಟ್ಸ್ ಅಡ್ಡಕ್ಕೆ, ಡೆಸಿಬೆಲ್ ಉದ್ದಕ್ಕೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು ಗುರುತು. ಗುರುತು ಕೆಳಗಿಳಿದಷ್ಟೂ ಕಿವಿ ಮಂದ. ಮೇಲಿರುವ 0 ಅಂದರೆ ಶಬ್ದವೇ ಇಲ್ಲ ಅಂತಲ್ಲ, ಒಳ್ಳೆ ಕಿವಿಯ ಹರೆಯದವರಿಗೆ ಸರಾಸರಿಯಲ್ಲಿ ಕೇಳಿಸಲು ಶುರುವಾಗುವ ಮಟ್ಟ. 40 ಡೆಸಿಬೆಲ್ ಅಂದರೆ ‘ನೂರಕ್ಕೆ ನಲವತ್ತು ಹೋಗಿದೆ’ ಅಂತಲೂ ಅಲ್ಲ. ಹಾಗೆ ಅಂದುಕೊಳ್ಳುವವರು ಜಾಸ್ತಿ, ನಾನೂ ಅಂದುಕೊಂಡಿದ್ದೆ.

ಗುರುತುಗಳನ್ನು ಸೇರಿಸಿದ ಅಮ್ಮನ ಗೆರೆ ಚೀಟಿಯ ಎಡಬದಿಯ ದಪ್ಪ ದನಿಗಳಲ್ಲಿ ಪರವಾಗಿಲ್ಲ, ಬಲಬದಿಯ ಕೀರಲಿನತ್ತ ಹೋದಂತೆ ಜಾರಿತ್ತು. ವಯಸ್ಸಾದ ಕಿವಿಯಲ್ಲಿ ಕೀರಲೇ ಮೊದಲು ಹೋಗುವುದು. ಆ, ಊ ಮುಂತಾದವು ಕೇಳಿಸುತ್ತವೆ, ಸ, ಶ, ತ ಜಾರಿಹೋಗುತ್ತವೆ. ಹಾಲು, ಸಾಲು, ತಾಳು ಎಲ್ಲ ಒಂದೇ ಆಗುತ್ತದೆ. “ಕೇಳಿಸುತ್ತೆ, ಏನಂದ್ರಿ ಅಂತ ಗೊತ್ತಾಗಲ್ಲ” ಅನ್ನುವ ಅಮ್ಮನ ದೂರಿಗೆ ಆ ಗೆರೆಯಲ್ಲಿ ಉತ್ತರ ಸಿಕ್ಕಿತು. ಕಾರ್ಖಾನೆ ಗದ್ದಲದಲ್ಲಿ ದುಡಿದವರ ಚೀಟಿಯಲ್ಲಾದರೆ 4000ದ ಹತ್ತಿರ ಗುಂಡಿ ಬಿದ್ದಿರುತ್ತದಂತೆ. (ಒತ್ತುವ ಗುಂಡಿ ಅಲ್ಲ. ನೋಡಿ, ಇನ್ನೊಂದು ಎರಡರ್ಥದ ಪದ!)

ಹೇಳುವಾಗ ಒಂದು ಪದ ಎಡವಿದರೆ ಆಗುವ ನಷ್ಟ ಚಿಕ್ಕದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಿವುಡು ಎಂದು ಗುರುತಿಸುವುದು ಮಾತಿನ ಆವರ್ತನಗಳಲ್ಲಿ (ಹರ್ಟ್ಸ್‌ನಲ್ಲಿ ಅಳೆಯುವುದೇ ಆವರ್ತನ) ಎರಡೂ ಕಿವಿಗೆ 70 ಡೆಸಿಬೆಲ್ ನಷ್ಟವಿದ್ದರೆ. ಆ ಲೆಕ್ಕದಲ್ಲಿ 500 ಹರ್ಟ್ಸ್‌ನ ದಪ್ಪ ದನಿಯೂ ಸೇರುತ್ತದೆ, ಅದು ಕೇಳಿಸಿದರೂ ಒತ್ತದೆ ಕೂತರೆ ಲೆಕ್ಕವೇ ತಪ್ಪುತ್ತದೆ.

ಈಗ ನನ್ನ ಪ್ರಶ್ನೆಗಳು. ಕಿವಿ ಪರೀಕ್ಷೆ ಮಾಡುವ ಗೆಳತಿಯೊಬ್ಬಳಿಗೆ ಕನ್ನಡದಲ್ಲಿ ಒಂದು ಪುಟದ ಸೂಚನೆ ಬರೆದುಕೊಡಬೇಕಾಗಿದೆ.

ಈ ಪರೀಕ್ಷೆಯಲ್ಲಿ ಕೇಳಿಸುವ ದನಿಗೆ ಇಂಗ್ಲಿಷಿನಲ್ಲಿ ‘ಪ್ಯೂರ್ ಟೋನ್’ ಅನ್ನುತ್ತಾರೆ, ಅದಕ್ಕೆ ‘ಶುದ್ಧ ಸ್ವರ’ ಎಂದು ಬರೆಯಲು ಮನಸ್ಸಿಲ್ಲ. ಸಂಗೀತ ಬಲ್ಲವರಿಗೆ ಶುದ್ಧ ಮಧ್ಯಮ ನೆನಪಾಗುತ್ತದೆ, ಮೇಷ್ಟ್ರುಗಳಿಗೆ ಅ ಆ ಇ ಈ. ಇಲ್ಲಿ ಶುದ್ಧ ಅಂದರೆ ಒಂದೇ ಆವರ್ತನ ಅಷ್ಟೇ. ವೀಣೆಯ ಒಂದು ತಂತಿ ಮೀಟಿದರೂ ಅದರಲ್ಲಿ ಹಲವು ಆವರ್ತನ ಸೇರಿರುತ್ತವೆ, ಇದರಲ್ಲಿ ಇರಲ್ಲ. ‘ಒಂಟಿ ದನಿ’ ಆದೀತಾ?

ಕಿವಿ ಹಿಂದಿನ ಮೂಳೆಗೆ ಅದುರುವ ಬಿಲ್ಲೆ ಇಟ್ಟೂ ಪರೀಕ್ಷಿಸುತ್ತಾರೆ. ಮೂಳೆಯಿಂದ ಚೆನ್ನಾಗಿ ಕೇಳಿಸಿ ಹೆಡ್‌ಫೋನಿನಿಂದ ಕೇಳಿಸದಿದ್ದರೆ ತೊಂದರೆ ಹೊರಗಿವಿಯಲ್ಲೋ ನಡುಗಿವಿಯಲ್ಲೋ ಇದೆ. ಗುಗ್ಗೆ ಕಟ್ಟಿರಬಹುದು, ಕಿವಿ ತಮಟೆ ತೂತಾಗಿರಬಹುದು. ಎರಡರಲ್ಲೂ ಒಂದೇ ಥರ ಕಡಿಮೆ ಇದ್ದರೆ ಒಳಗಿವಿ ಅಥವಾ ನರ. ಶಬ್ದ ಸಾಗುವ ಈ ಎರಡು ಬಗೆಗೆ ‘ವಾಯು ವಹನ, ಅಸ್ಥಿ ವಹನ’ ಎಂದು ಬರೆದರೆ ನಮ್ಮಮ್ಮನಂಥವರು ಬೆಚ್ಚಿಬೀಳುತ್ತಾರೆ. ಅಸ್ಥಿ ಅಂದರೆ ಅವರಿಗೆ ಹೊಳೆಗೆ ಬಿಡುವುದು! ‘ಗಾಳಿ ದಾರಿ, ಮೂಳೆ ದಾರಿ’ ಸಾಕು ಅನಿಸುತ್ತದೆ. ಥ್ರೆಶೋಲ್ಡ್‌ಗೆ ‘ಹೊಸ್ತಿಲು’ ಚೆಂದವೇ, ಆದರೆ ನನ್ನ ಒಲವು ‘ಕೇಳಿಸುವ ಅಂಚು’ ಕಡೆಗೆ.

ಮುಖ್ಯವಾದದ್ದು ಸೂಚನೆಯ ಸಾಲು. ಸದ್ಯಕ್ಕೆ ಹೀಗೆ ಬರೆದಿದ್ದೇನೆ: “ದನಿ ದಪ್ಪ ಇರಲಿ, ಕೀರಲು ಇರಲಿ, ಎಷ್ಟೇ ಮೆಲ್ಲಗೆ ಕೇಳಿಸಿದರೂ ಗುಂಡಿ ಒತ್ತಿ.” ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ಹೇಳಿ, ನಿಮ್ಮ ಮನೆಯ ಹಿರಿಯರಿಗೆ ‘ಮೆಲ್ಲಗೆ’ ಅಂದರೆ ನಿಧಾನವಾಗಿ ಅಂತ ಅನಿಸಿಬಿಡುತ್ತದಾ?